ತಾಂಬೂಲವೂ ಒಂದು ಫೋಟೋವೂ

ಸುಗುಣಾಳನ್ನು ಯಾರಾದರೂ 'ಪಾಪ' ಅಂದರೆ ನನಗೆ ಸಿಟ್ಟು ಬರುತ್ತದೆ. ಕಲ್ಕತ್ತದ ಬೆಹಾಲಾದ ಗಲ್ಲಿಯಲ್ಲಿ ಮೀನಿನವನಿಂದ ಹಿಡಿದು ಕ್ಲಬ್ಬಿನ ದುರ್ಗಾಪೂಜೆಗೆ ಚಂದಾ ಕೇಳುವವರವರೆಗೆ ಎಲ್ಲರನ್ನೂ ನಿಭಾಯಿಸಿದ ಹೆಂಗಸು ಅವಳು. ಕಲ್ಕತ್ತಕ್ಕೆ ಬಂದಾಗ ಅವಳಿಗೆ ಬರುತ್ತಿದ್ದದ್ದು ತುಳು, ಕನ್ನಡ, ಸ್ವಲ್ಪ ಹಿಂದಿ. ಈಗ ಬಂಗಾಳಿಯಲ್ಲಿ ಜಗಳವಾಡುತ್ತಾಳೆ. ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವಳು, ಮೈಸೂರಿನವಳು, ಅವಳಿಗಿಂತ ಮೊದಲೇ ಈ ಊರಿಗೆ ಬಂದವಳು. ನನಗೆ ಇವತ್ತಿಗೂ ಆಟೋದವನ ಹತ್ತಿರ ಬಂಗಾಳಿಯಲ್ಲಿ ಜಗಳವಾಡಲು ಬರುವುದಿಲ್ಲ.

ಅವಳು ಕರಾವಳಿಯ ಹಿರಿಯಡ್ಕದ ಕಡೆಯವಳು. ಗಂಡ ಮಧ್ವರಾಜ ಮಾವನ ಹೋಟೆಲಿನಲ್ಲಿ ಕೆಲಸ ಕಲಿತು, ಆಮೇಲೆ ಸ್ವಂತ ಅಡುಗೆ ಕಾಂಟ್ರಾಕ್ಟು ಹಿಡಿದ. ಮದುವೆ, ಉಪನಯನ, ಸತ್ಯನಾರಾಯಣ ಪೂಜೆ, ಇಲ್ಲಿರುವ ನಮ್ಮ ಕನ್ನಡದವರದ್ದು ಏನೇ ಇದ್ದರೂ ಊಟ ಅವರದ್ದೇ. ಮನೆ ಮೇಲೆ, ಅಡುಗೆ ಕೆಳಗೆ. ಮಗಳು ಮಾನ್ಯ ಕಾಲೇಜಿನಲ್ಲಿ ಓದುತ್ತಾಳೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ನಾನು ಒಂಟಿ ಹೆಂಗಸು, ಭಾನುವಾರದ ಊಟಕ್ಕೆ ಅವರ ಮನೆಯ ಖಾಯಂ ಗಿರಾಕಿ. ದುಡ್ಡು ಕೊಡಲು ಹೋದರೆ ಬೈಸಿಕೊಳ್ಳಬೇಕಾಗುತ್ತದೆ ಎಂದು ಗೊತ್ತಾದ ಮೇಲೆ ಕೊಡುವುದನ್ನು ಬಿಟ್ಟಿದ್ದೇನೆ.

ಫೋಟೋ ತೆಗೆಯುವುದನ್ನು ಸುಗುಣಾ ಶುರುಮಾಡಿದ್ದು ವ್ಯಾಪಾರಕ್ಕಾಗಿ. ಬಾಳೆಲೆಯ ಮೇಲೆ ಎಲ್ಲ ಬಡಿಸಿದ ಮೇಲೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಮುಂದಿನ ಗಿರಾಕಿಗೆ ಕಳಿಸುವುದು. ಆದರೆ ಕೈಗೆ ರುಚಿ ಹತ್ತಿತು. ಎಲೆ ಬಿಟ್ಟು ಬಡಿಸುವವರ ಕಡೆ ತಿರುಗಿದಳು. ತರಕಾರಿ ಹೆಚ್ಚುವ ಚಂಪಾಳ ಬೆನ್ನು, ಎಣ್ಣೆ ಸಿಡಿದು ಕಲೆಯಾದ ಅಡುಗೆಯವರ ಮುಂಗೈ, ಅನ್ನದ ದೊಡ್ಡ ಕೊಳದಪ್ಪಲೆಯನ್ನು ಇಬ್ಬರು ಎತ್ತುವಾಗ ಬಿಗಿಯಾಗುವ ಕುತ್ತಿಗೆ. ಹೊರಗಿನ ಫೋಟೋಗ್ರಾಫರುಗಳಿಗೆ ಇದು ಯಾವುದೂ ಸಿಗುವುದಿಲ್ಲ, ಯಾಕೆಂದರೆ ನೈವೇದ್ಯ ಆಗುವವರೆಗೆ ಮಡಿ ಅಡುಗೆಮನೆಗೆ ಅವರಿಗೆ ಪ್ರವೇಶವೇ ಇಲ್ಲ. ಸುಗುಣಾ ಮಡಿಸೀರೆ ಉಟ್ಟು ಒಳಗೇ ಇರುತ್ತಾಳೆ. ಮೊಬೈಲಿಗೆ ಮೈಲಿಗೆ ಇಲ್ಲ ಎಂದು ಯಾವ ಆಚಾರ್ಯರು ತೀರ್ಮಾನ ಕೊಟ್ಟರೋ ನನಗೆ ಗೊತ್ತಿಲ್ಲ, ನಾನಂತೂ ಕೇಳಲು ಹೋಗಿಲ್ಲ.

ಮಾನ್ಯ ಅವಳಿಗೆ ಇನ್‌ಸ್ಟಾಗ್ರಾಂನಲ್ಲಿ ಒಂದು ಪುಟ ಮಾಡಿಕೊಟ್ಟಳು. ಪ್ರತಿ ಫೋಟೋದ ಕೆಳಗಿನ ಮೂಲೆಯಲ್ಲಿ ಕನ್ನಡದಲ್ಲಿ ಚಿಕ್ಕದಾಗಿ 'ಸುಗುಣಾ' ಎಂದಿರುತ್ತಿತ್ತು.

"ಹೆಸರು ಮಧ್ಯದಲ್ಲಿ ದೊಡ್ಡದಾಗಿ ಹಾಕೇ. ಮೂಲೇಲಿದ್ರೆ ಯಾರು ಬೇಕಾದ್ರೂ ಕತ್ತರಿಸಿ ಹಾಕ್ತಾರೆ," ಎಂದು ನಾನು ಸುಗುಣಾಳಿಗೆ ಹೇಳಿದ್ದೆ.

"ಎಂತ ಟೀಚರೇ, ಅವರ ಮುಖದ ಮೇಲೆ ನನ್ನ ಹೆಸರಾ? ಚಂದ ಕಾಣ್ತದಾ?" ಎಂದಳು.

ಈಗ ಆ ಒಂದು ಫೋಟೋದ ವಿಷಯ. ಹೋದ ವರ್ಷ ಶ್ರೀಕರನ ಮಗನ ಉಪನಯನವಾಯಿತು. ಶ್ರೀಕರ ಗರಿಯಾಹಾಟ್‌ನಲ್ಲಿರುವ ನಮ್ಮವರ ಪೈಕಿ ಗಟ್ಟಿ ಕುಳ. ಅಪ್ಪನ ಚಿಕ್ಕ ಹೋಟೆಲನ್ನು ಮುಚ್ಚಿ ಸಾರಿನ ಪುಡಿ, ಹುಳಿ ಪುಡಿ ಮಾಡಿ ಪ್ಯಾಕೆಟ್ಟಿನಲ್ಲಿ ಮಾರುವ ಕಂಪನಿ ಕಟ್ಟಿದವನು. ಅವನ ತಾಯಿ ರುಕ್ಮಿಣಿಯಮ್ಮನಿಗೆ ಎಂಬತ್ತು ದಾಟಿದೆ. ಯಜಮಾನರೂ ಇದ್ದಾರೆ, ಕಿವಿ ಕೇಳುವುದಿಲ್ಲ, ಅದರಿಂದ ಮನೆ ಶಾಂತವಾಗಿದೆ ಎಂದು ರುಕ್ಮಿಣಿಯಮ್ಮನೇ ಹೇಳುತ್ತಾರೆ. ಉಪನಯನದ ದಿನ ಅಡುಗೆ ಮಧ್ವರಾಜನದ್ದೇ ಆದರೂ ರುಕ್ಮಿಣಿಯಮ್ಮ ಅಡುಗೆಮನೆ ಬಿಟ್ಟು ಕದಲಲಿಲ್ಲ. ನೈವೇದ್ಯಕ್ಕೆ ಮೊದಲು ಯಾರೂ ರುಚಿ ನೋಡುವಂತಿಲ್ಲವಲ್ಲ, ಸಾರಿಗೆ ಉಪ್ಪು ಹುಳಿ ಹಿಡಿದಿದೆಯೇ ಎಂದು ಮೂಗಿನಲ್ಲೇ ಹೇಳಬೇಕು. ಆ ಕೆಲಸಕ್ಕೆ ಅವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ.

ಬಾಗಿಲ ಹೊರಗೆ ಬಾಡಿಗೆಯ ಫೋಟೋಗ್ರಾಫರ್ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. ಶ್ರೀಕರ ಇಣುಕಿ, "ಸುಗುಣಕ್ಕ, ಅಮ್ಮ ಒಳಗೇ ಇದ್ದಾರೆ, ಇವನಿಗೆ ಬರ್ಲಿಕ್ಕೆ ಆಗುದಿಲ್ಲ. ನೀವೇ ಒಂದು ತೆಗೀರಿ, ಪ್ಲೀಸ್," ಅಂದ. ನಾನು ಆಗ ಬಾಗಿಲ ಹೊರಗೆ ಅವನ ಪಕ್ಕದಲ್ಲೇ ಇದ್ದೆ, ಹೂ ಕಟ್ಟುವ ನೆಪದಲ್ಲಿ ಹರಟೆ ಹೊಡೆಯುತ್ತ.

ಸುಗುಣಾ ತೆಗೆದಳು. ರುಕ್ಮಿಣಿಯಮ್ಮ ಸಾರಿನ ಪಾತ್ರೆಯ ಮೇಲೆ ಬಗ್ಗಿ ಕಣ್ಣು ಮುಚ್ಚಿದ್ದಾರೆ. ಆವಿ ಏಳುತ್ತಿದೆ. ಮೂಗುತಿಯ ಹತ್ತಿರ ಚರ್ಮ ಸ್ವಲ್ಪ ಅರಳಿದೆ. ಒಂದು ಕೈ ಎತ್ತಿ 'ತಡೆ' ಎನ್ನುತ್ತಿದ್ದಾರೆ. ನಾನು ಫೋಟೋಗಳ ವಿಷಯದಲ್ಲಿ ದಡ್ಡಿ, ಆದರೂ ಇದನ್ನು ನೋಡಿ ನನ್ನ ಮೂಗಿಗೇ ಇಂಗಿನ ವಾಸನೆ ಬಂದಂತಾಯಿತು. ಊಟವಾದ ಮೇಲೆ ರುಕ್ಮಿಣಿಯಮ್ಮ ಬಂದ ಮುತ್ತೈದೆಯರಿಗೆಲ್ಲ ಅರಿಶಿನ ಕುಂಕುಮ ಹಚ್ಚಿ ತಾಂಬೂಲ ಕೊಟ್ಟರು: ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ರವಿಕೆ ಕಣ, ಜೊತೆಗೆ ಒಂದು ಕವರಿನಲ್ಲಿ ದಕ್ಷಿಣೆ. ಸುಗುಣಾ ಸೆರಗೊಡ್ಡಿ ತೆಗೆದುಕೊಂಡಳು. ರಾತ್ರಿಯೇ ಫೋಟೋವನ್ನು ಶ್ರೀಕರನಿಗೂ ಕಳಿಸಿದಳು, ತನ್ನ ಪುಟದಲ್ಲೂ ಹಾಕಿದಳು.

ಈ ವರ್ಷ ಗರಿಯಾಹಾಟ್ ಹತ್ತಿರದ ಒಂದು ಸಣ್ಣ ಹಾಲ್‌ನಲ್ಲಿ, ಅಡುಗೆಮನೆಗಳ ಬಗ್ಗೆ ಹೆಂಗಸರು ತೆಗೆದ ಫೋಟೋಗಳ ಪ್ರದರ್ಶನ ಮಾಡುತ್ತೇವೆಂದು ಕೆಲವರು ಪ್ರಕಟಿಸಿದರು. ಅಮ್ಮ ತೆಗೆದ ರುಕ್ಮಿಣಿಯಮ್ಮನ ಫೋಟೋವನ್ನು ಮಾನ್ಯ ಕಳಿಸಿದಳು. ಆರಿಸಿದರು. ಸುಗುಣಾ ನನಗೆ ಫೋನು ಮಾಡಿದಳು. "ಗೋಡೆ ಮೇಲೆ ಹಾಕ್ತಾರಂತೆ ಟೀಚರೇ, ಕೆಳಗೆ ನನ್ನ ಹೆಸರು," ಅಂದಳು. ಇಷ್ಟು ವರ್ಷ ಎಲ್ಲ ಕಡೆಯೂ ಅವಳು 'ಮಧ್ವರಾಜರ ಮನೆಯವರು' ಆಗಿದ್ದವಳು. ಗ್ಯಾಸ್ ಕನೆಕ್ಷನ್ನೂ ಗಂಡನ ಹೆಸರಿನಲ್ಲೇ ಇದೆ.

ಅದಾದ ಮೇಲಿನ ವಾರ ಮಾನ್ಯ ಬೆಳಿಗ್ಗೆ ಕೂಗಿದಳು. "ಅಮ್ಮಾ, ಯುವರ್ ಫೋಟೋ ಈಸ್ ಗಾನ್!" ಪುಟದಲ್ಲಿ ಆ ಫೋಟೋ ಇರಲಿಲ್ಲ. ಅದರ ಜಾಗದಲ್ಲಿ ಒಂದು ಸೂಚನೆ ಇತ್ತು: ಇದು ಬೇರೊಬ್ಬರ ಕೃತಿಸ್ವಾಮ್ಯಕ್ಕೆ ಸೇರಿದ್ದು, ಅವರ ದೂರಿನ ಮೇರೆಗೆ ತೆಗೆದುಹಾಕಲಾಗಿದೆ. ದೂರು ಕೊಟ್ಟದ್ದು ಶ್ರೀಕರನ ಕಂಪನಿ. ಅಂಗಡಿಗೆ ಹೋಗಿ ನೋಡಿದರೆ ಸಾರಿನ ಪುಡಿಯ ಹೊಸ ಪ್ಯಾಕೆಟ್ಟಿನ ಮೇಲೆ ರುಕ್ಮಿಣಿಯಮ್ಮ ಕಣ್ಣು ಮುಚ್ಚಿ ನಿಂತಿದ್ದಾರೆ. ಕೆಳಗಿನ ಮೂಲೆಯನ್ನು ಕತ್ತರಿಸಿದ್ದಾರೆ, ಸುಗುಣಾಳ ಹೆಸರು ಮಾಯ. ಪ್ರದರ್ಶನದವರೂ ಇದನ್ನು ನೋಡಿದ್ದರು. ಫೋಟೋ ನಿಮ್ಮದೇ ಎಂದು ಕಂಪನಿಯಿಂದ ತಿಂಗಳ ಕೊನೆಯೊಳಗೆ ಬರೆಸಿಕೊಂಡು ಬನ್ನಿ, ಇಲ್ಲದಿದ್ದರೆ ನಿಮ್ಮನ್ನು ಕೈಬಿಡಬೇಕಾಗುತ್ತದೆ ಎಂದು ಮರ್ಯಾದೆಯಿಂದಲೇ ತಿಳಿಸಿದರು.

"ನನ್ನ ಫೋಟೋವನ್ನು ನಾನೇ ಕದ್ದದ್ದಂತೆ ಟೀಚರೇ," ಎಂದು ಸುಗುಣಾ ನಕ್ಕಳು. ಆ ನಗು ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ಶ್ರೀಕರನನ್ನು ದುಷ್ಟ ಎಂದು ಚಿತ್ರಿಸಿದರೆ ನನಗೆ ಸುಲಭ, ಆದರೆ ಅವನು ಹಾಗಿಲ್ಲ. ಫೋಟೋವನ್ನು ಜಾಹೀರಾತಿನವರಿಗೆ ಕೊಟ್ಟ. ಅವರು ಮೂಲೆ ಕತ್ತರಿಸಿದರು. ಆ ಚಿತ್ರ ಬೇರೆಲ್ಲಿ ಕಂಡರೂ ದೂರು ಹಾಕುವುದು ಅವರ ಪದ್ಧತಿ, ಹಾಕಿದರು. ಇಷ್ಟೇ ಆಗಿದ್ದರೆ ಒಂದು ಫೋನಿನಲ್ಲಿ ಮುಗಿಯುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಅವನ ವಕೀಲರು ಹೆದರಿಸಿದ್ದರು. ಫೋಟೋ ಆಕೆಯದ್ದೆಂದು ಒಪ್ಪಿಬಿಟ್ಟರೆ ಆಕೆ ನಾಳೆ ಪ್ಯಾಕೆಟ್ಟನ್ನೇ ನಿಲ್ಲಿಸಬಹುದು ಎಂದಿದ್ದರು. ಹಾಗಾಗಿ ಶ್ರೀಕರ ಫೋನಿನಲ್ಲಿ, "ಸುಗುಣಕ್ಕ, ಪರ್ಸನಲ್ ಆಗಿ ತಗೊಳ್ಬೇಡಿ. ನನ್ನ ಅಮ್ಮ, ನನ್ನ ಮನೆ ಫಂಕ್ಷನ್, ನಾನೇ ತೆಗೀರಿ ಅಂದದ್ದು. ಅಮ್ಮ ನಿಮಗೆ ಕವರ್ ಸಹ ಕೊಟ್ಟಿದ್ದಾರೆ. ಲಾಯರ್ ಹೇಳ್ತಾರೆ, ಅದು ಪೇಮೆಂಟ್," ಅಂದ.

ಕವರ್! ನನಗೆ ಮೈಯೆಲ್ಲ ಉರಿಯಿತು. ನಮ್ಮ ಕಾನೂನು ವಿಭಾಗದ ಅಜಯ ಬಾಬುವಿನ ಹತ್ತಿರ ಹೋದೆ. ಆತ ಚಹಾ ತರಿಸಿ ಸಾವಧಾನವಾಗಿ ವಿವರಿಸಿದ. ನಮ್ಮ ದೇಶದ ಕಾನೂನಿನಲ್ಲಿ, ಫೋಟೋ ತೆಗೆದವರೇ ಸಾಮಾನ್ಯವಾಗಿ ಅದರ ಒಡೆಯರು. ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಆದರೆ ಒಬ್ಬರು ಕೇಳಿಕೊಂಡು, ಅದಕ್ಕೆ ಪ್ರತಿಫಲ ಕೊಟ್ಟು ತೆಗೆಸಿದರೆ, ಬೇರೆ ಕರಾರಿಲ್ಲದಿದ್ದಲ್ಲಿ, ಅದು ತೆಗೆಸಿದವರದ್ದು.

"ಅಂದ್ರೆ ಬಿಟ್ಟಿಯಾಗಿ ತೆಗೆದುಕೊಟ್ಟಿದ್ರೆ ಅವಳದ್ದು, ದುಡ್ಡು ತಗೊಂಡಿದ್ರೆ ಅವರದ್ದು?"

"ಹಾಗೇ. ಅವರು ಕೇಳಿದ್ದು ನಿಜವಾದ್ದರಿಂದ, ಈಗ ಪ್ರಶ್ನೆ ಇರುವುದು ಆ ಕವರಿನದ್ದು," ಎಂದ ಅಜಯ ಬಾಬು. "ತಾಂಬೂಲ ಅಂದರೆ ಏನು ಅಂತ ನ್ಯಾಯಾಧೀಶರಿಗೆ ವಿವರಿಸಬಹುದು, ವಾದ ಗಟ್ಟಿಯಾಗಿಯೇ ಇದೆ. ಆದರೆ ವರ್ಷಗಳು ಹಿಡಿಯುತ್ತವೆ. ಕೊಟ್ಟವರೇ ಅದು ಫೋಟೋಕ್ಕೆ ಕೊಟ್ಟದ್ದು ಅಂತ ಹೇಳಿಕೆ ಕೊಟ್ಟುಬಿಟ್ಟರೆ ಕಷ್ಟ. ಆಕೆ ಆ ಕವರನ್ನು ವಾಪಸ್ ಮಾಡಿಬಿಟ್ಟರೆ?"

ನಾನು ಮೂರ್ಖಳಂತೆ ಆ ಸಲಹೆಯನ್ನು ಹಾಗೇ ತಂದು ಸುಗುಣಾಳ ಮುಂದಿಟ್ಟೆ. ಅವಳು ಕಾಯಿ ತುರಿಯುತ್ತಿದ್ದವಳು ನಿಲ್ಲಿಸಿಬಿಟ್ಟಳು.

"ತಾಂಬೂಲ ವಾಪಸ್ ಕೊಡುದುಂಟಾ ಟೀಚರೇ? ನಿಮ್ಮ ಮೈಸೂರಲ್ಲಿ ಕೊಡ್ತಾರಾ?"

"ಇಲ್ಲ," ಅಂದೆ.

"ಮತ್ತೆ? ಅವರ ಮನೆಯ ಕುಂಕುಮ ಬೇಡ ಅಂದ ಹಾಗೆ ಆಗ್ತದೆ. ಆ ಅಮ್ಮ ನನಗೆ ಎಂತ ಅನ್ಯಾಯ ಮಾಡಿದ್ದಾರೆ? ಮಾನ್ಯ ಹುಟ್ಟಿದಾಗ ನನ್ನ ಅಮ್ಮನಿಗೆ ಬರ್ಲಿಕ್ಕಾಗದೆ, ಬಾಣಂತನ ಮಾಡಿದ್ದೇ ಅವರು."

ಮಧ್ವರಾಜ ಅಷ್ಟು ಹೊತ್ತು ಬಾಗಿಲಲ್ಲಿ ನಿಂತು ಕೇಳುತ್ತಿದ್ದ. "ಬಿಡು ಮಾರಾಯ್ತಿ," ಅಂದ. "ಇನ್ನೊಂದು ಫೋಟೋ ತೆಗೆದರಾಯ್ತು. ಶ್ರೀಕರನ ಮನೆ ಅಂದ್ರೆ ನಮಗೆ ಬೇಕಾದ ಮನೆ." ಸುಗುಣಾ ಅವನನ್ನು ನೋಡಿದ ನೋಟಕ್ಕೆ ಅವನು ಕೆಳಗೆ ಅಡುಗೆಗೆ ಇಳಿದುಹೋದ. ಅವನ ಮೇಲೆ ನನಗೆ ಕೋಪ ಬಂದರೂ ಅವನ ಭಯ ಸುಳ್ಳಲ್ಲ. ಇಲ್ಲಿ ನಮ್ಮವರ ಮನೆಗಳೇ ಬೆರಳೆಣಿಕೆ. ಒಂದು ಮನೆ ಮುನಿಸಿಕೊಂಡರೆ ಉಳಿದವರ ಕಿವಿಗೂ ಬೀಳುತ್ತದೆ.

ಭಾನುವಾರ ಶ್ರೀಕರನೇ ಕರೆದ. ಮನೆಗೆ ಬನ್ನಿ, ಕೂತು ಮಾತಾಡಿ ಮುಗಿಸೋಣ ಅಂದ. ಸುಗುಣಾ ನನ್ನನ್ನೂ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ನಾನು ಏನೇನು ಹೇಳಬೇಕು ಎಂದು ಹೇಳಿಕೊಡುತ್ತಲೇ ಇದ್ದೆ, ಅವಳು ಆಟೋದಿಂದ ಹೊರಗೆ ನೋಡುತ್ತಲೇ ಇದ್ದಳು. ಒಂದು ಮಾತು ಕಿವಿಗೆ ಹಾಕಿಕೊಂಡಳೋ ಇಲ್ಲವೋ.

ಅವರ ಮನೆ ಎರಡನೇ ಮಹಡಿಯಲ್ಲಿ. ರುಕ್ಮಿಣಿಯಮ್ಮ ನಮ್ಮನ್ನು ಕಂಡು ಎಂದಿನಂತೆ ಸಡಗರ ಮಾಡಿದರು. "ಬಾ ಸುಗುಣಾ, ಎಷ್ಟು ಸಪೂರ ಆಗಿದ್ದೀ," ಅಂದರು. ಸುಗುಣಾ ಒಂಚೂರೂ ತೆಳ್ಳಗಾಗಿರಲಿಲ್ಲ, ಆದರೂ ಅದು ಅವರ ಪ್ರೀತಿಯ ಮಾತು. ಗಲಾಟೆಯ ವಿಷಯ ಅವರಿಗೆ ಅರ್ಧಂಬರ್ಧ ಗೊತ್ತಿತ್ತು. ಪ್ಯಾಕೆಟ್ಟಿನಲ್ಲಿ ತಾನಿರುವುದು ಅವರಿಗೆ ನಾಚಿಕೆಯೂ ಹೌದು, ಖುಷಿಯೂ ಹೌದು. ಶ್ರೀಕರ ಒಂದು ಹಾಳೆ ಹಿಡಿದು ಬಂದ. ವಕೀಲರು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಹೇಳಿಕೆ, ತಾಯಿ ಸಹಿ ಹಾಕಬೇಕು.

"ಎಂತ ಉಂಟು ಅದರಲ್ಲಿ? ಓದಿ ಹೇಳು," ಅಂದರು ರುಕ್ಮಿಣಿಯಮ್ಮ.

ಶ್ರೀಕರ ಹುಟ್ಟಿ ಬೆಳೆದದ್ದು ಇಲ್ಲೇ. ವಕೀಲರ ಮಾತಿಗೆ ಕನ್ನಡ ಹುಡುಕಿ ಹುಡುಕಿ ಹೇಳಿದ. "ಅಮ್ಮ, ನೀನು ಉಪನಯನದ ದಿನ ಸುಗುಣಕ್ಕನಿಗೆ ಕವರ್ ಕೊಟ್ಟೆ ಅಲ್ವಾ, ಅದು ಫೋಟೋ ತೆಗೆದದ್ದಕ್ಕೆ ಅಂತ. ಅಷ್ಟೇ. ಜಸ್ಟ್ ಫಾರ್ಮಾಲಿಟಿ."

"ಕವರಾ? ತಾಂಬೂಲದ ದಕ್ಷಿಣೆ ಅಲ್ವನಾ ಅದು?"

"ಹಾಂ, ಅದೇ. ಅದು ಫೋಟೋದ ಹಣ ಅಂತ ಬರೆದದ್ದು."

ರುಕ್ಮಿಣಿಯಮ್ಮ ಮಗನ ಮುಖ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ಬಾಯಿ ತೆರೆದೆ, ಸುಗುಣಾ ನನ್ನ ಮಂಡಿ ಒತ್ತಿದಳು. ಬಾಯಿ ಮುಚ್ಚಿದೆ, ಜೀವಮಾನದಲ್ಲಿ ನಾನು ಅಷ್ಟು ಕಷ್ಟಪಟ್ಟು ಬಾಯಿ ಮುಚ್ಚಿದ್ದು ಕಡಿಮೆ.

"ಹಾಗಾದರೆ," ಎಂದು ಮುದುಕಿ ನಿಧಾನವಾಗಿ ಹೇಳಿದರು, "ಇವಳಿಗೆ ತಾಂಬೂಲ ಕೊಡ್ಲೇ ಇಲ್ಲ ಅಂತ ಆಯ್ತಲ್ಲ. ಒಬ್ಬನೇ ಮೊಮ್ಮಗನ ಉಪನಯನ. ಮನೆಗೆ ಬಂದ ಮುತ್ತೈದೆಗೆ ಕೂಲಿ ಕೊಟ್ಟು ಕಳಿಸಿದೆನಾ ನಾನು?"

"ಅಮ್ಮ, ಇಟ್ಸ್ ನಾಟ್ ಲೈಕ್ ದಟ್..."

"ನೀನು ಸುಮ್ಮನಿರು. ನಿನ್ನ ಕೆಲಸಕ್ಕೆ ಸೈ ಬೇಕಾದರೆ ಹಾಕ್ತೇನೆ. ಮೊದಲು ಇದು ಸರಿ ಆಗಲಿ."

ಅವರು ಗೋಡೆ ಹಿಡಿದುಕೊಂಡು ಒಳಗೆ ಹೋದರು. ಪಾತ್ರೆ ಸದ್ದಾಯಿತು. ಶ್ರೀಕರನ ಮುಖದಲ್ಲಿ ಸಮಾಧಾನ ಕಂಡಿತು. ಅಮ್ಮ ಒಪ್ಪಿದಂತೆಯೇ ಅಂದುಕೊಂಡ. ಸ್ವಲ್ಪ ಹೊತ್ತಿಗೆ ರುಕ್ಮಿಣಿಯಮ್ಮ ಹರಿವಾಣ ಹಿಡಿದು ಬಂದರು. ವೀಳ್ಯದೆಲೆ, ಅಡಿಕೆ, ಕಾಯಿ, ಹಸಿರು ರವಿಕೆ ಕಣ, ಮೇಲೆ ಒಂದು ನೋಟು. ಕುಂಕುಮದ ಬಟ್ಟಲು ಬೇರೆ. "ಎದ್ದು ಬಾ ಸುಗುಣಾ, ಪೂರ್ವಕ್ಕೆ ತಿರುಗಿ ಕೂತುಕೋ," ಅಂದರು.

"ತಗೊಳ್ಳಿ ಸುಗುಣಕ್ಕ," ಎಂದ ಶ್ರೀಕರ. "ಎಲ್ಲ ಸರಿ ಆಗ್ತದೆ."

ಇವತ್ತಿನದ್ದು ತಾಂಬೂಲವಾದರೆ ಅವತ್ತಿನದ್ದು ಕೂಲಿ. ಇದನ್ನು ತೆಗೆದುಕೊಂಡರೆ ಎಲ್ಲ ಮುಗಿಯಿತು, ಫೋಟೋ ಅವರದ್ದು. ತೆಗೆದುಕೊಳ್ಳದಿದ್ದರೆ, ಬಾಣಂತನ ಮಾಡಿದ ಮುದುಕಿಯ ಕೈಯಿಂದ, ಎದುರಿಗೇ, ಕುಂಕುಮ ಬೇಡ ಅಂದಂತೆ. ಸುಗುಣಾ ಎದ್ದಳು. ಅವಳ ಎರಡೂ ಕೈ ತಾವಾಗಿ ಸೆರಗಿನ ಕಡೆಗೆ ಹೋದವು. ಅಷ್ಟು ವರ್ಷದ ಅಭ್ಯಾಸ. ನಾನು ಕಣ್ಣು ಮುಚ್ಚಿಕೊಳ್ಳಬೇಕು ಅಂದುಕೊಂಡೆ.

ಸೆರಗು ಹಿಡಿದ ಕೈ ಅಲ್ಲೇ ನಿಂತಿತು. ಅವಳು ಸೆರಗನ್ನು ಚಾಚಲಿಲ್ಲ. ಹೊದ್ದುಕೊಂಡು ಕೈಗಳನ್ನು ಅದರೊಳಗೆ ಮುಚ್ಚಿಟ್ಟುಕೊಂಡಳು.

"ಬೇಡ ಅಮ್ಮ. ನನಗೆ ಕೊಟ್ಟಾಗಿದೆ."

"ಎಂತ ಹೇಳ್ತೀ?"

"ಅವತ್ತೇ ಕೊಟ್ಟಿದ್ದೀರಿ. ನೀವೇ ಕುಂಕುಮ ಹಚ್ಚಿದ್ದು. ನಾನು ಊರಿನ ದೇವರನ್ನು ನೆನೆದು ಸೆರಗಲ್ಲಿ ತಗೊಂಡಿದ್ದೇನೆ. ಆ ಕಾಯಿ ಒಡೆದು ಮನೆಯಲ್ಲಿ ಪಾಯಸ ಮಾಡಿ ಮೂವರೂ ಉಂಡಿದ್ದೇವೆ. ಈಗ ಇನ್ನೊಂದು ತಗೊಂಡರೆ ಅದು ಸುಳ್ಳಾಗ್ತದೆ ಅಮ್ಮ. ಅವತ್ತು ಕೊಟ್ಟದ್ದು ಸುಳ್ಳಾ?"

ಶ್ರೀಕರ ಏನೋ ಹೇಳಲು ಹೋದ, ರುಕ್ಮಿಣಿಯಮ್ಮ ಅವನ ಕಡೆ ತಿರುಗಲಿಲ್ಲ. ಹರಿವಾಣ ಹಿಡಿದು ನಿಂತೇ ಇದ್ದರು. ಕೆಳಗೆ ರಸ್ತೆಯಲ್ಲಿ ಬಸ್ಸಿನ ಕಂಡಕ್ಟರ್ ಬೆಹಾಲಾ ಬೆಹಾಲಾ ಎಂದು ಕೂಗುತ್ತಿದ್ದದ್ದು ನನಗೆ ಈಗಲೂ ಕೇಳಿಸುತ್ತದೆ.

"ಸುಳ್ಳಲ್ಲ," ಅಂದರು ಕೊನೆಗೆ.

ಹರಿವಾಣವನ್ನು ಒಯ್ದು ದೇವರ ಮುಂದೆ ಇಟ್ಟು ಬಂದರು. ಕುರ್ಚಿಯಲ್ಲಿ ಕೂತು ಉಸಿರು ಎಳೆದುಕೊಂಡರು. "ನಾನು ಕೂಲಿ ಕೊಟ್ಟದ್ದಲ್ಲ ಶ್ರೀಕರ. ಆ ಕಾಗದಕ್ಕೆ ಸೈ ಹಾಕುದಿಲ್ಲ. ಅವಳು ಪಟ ತೆಗೆದದ್ದು ಅವಳ ಮನಸ್ಸಿನಿಂದ. ಅವಳದ್ದು ಅವಳಿಗೆ ಬರೆದುಕೊಡು."

"ಅಮ್ಮ, ಪ್ಯಾಕೆಟ್ ಎಲ್ಲ ಪ್ರಿಂಟ್ ಆಗಿದೆ..."

ಆಗ ಸುಗುಣಾ ಬಾಯಿಬಿಟ್ಟಳು. "ಪ್ಯಾಕೆಟ್ಟಿನಲ್ಲಿ ಅಮ್ಮ ಇರಲಿ ಶ್ರೀಕರ. ಅದನ್ನು ನಿಲ್ಲಿಸ್ಲಿಕ್ಕೆ ಬಂದವಳಲ್ಲ ನಾನು. ಬೇಕಾದರೆ ಅದನ್ನೂ ಬರೆದುಕೊಡ್ತೇನೆ. ಮುಂದಿನ ಸಲ ಪ್ರಿಂಟ್ ಮಾಡುವಾಗ ಕೆಳಗೆ ಹೆಸರು ಹಾಕಿ. ಕಳ್ಳಿ ಅಂತ ಮಾತ್ರ ಹೇಳಿಸ್ಬೇಡಿ."

ಶ್ರೀಕರ ಹಣೆ ಉಜ್ಜಿಕೊಂಡ. ತಾಯಿಯ ಎದುರಿಗೆ ಅವನಿಗೆ ಬೇರೆ ದಾರಿ ಇರಲಿಲ್ಲ. ಜೊತೆಗೆ, ಆ ಹೊತ್ತಿಗೆ ಅವನಿಗೂ ನಾಚಿಕೆಯಾಗಿತ್ತು ಎಂದು ನಾನು ನಂಬುತ್ತೇನೆ. ಮೊಬೈಲು ತೆಗೆದು, "ಏನು ಬರೀಬೇಕು ಹೇಳಿ ಮೇಡಂ," ಎಂದು ನನ್ನನ್ನೇ ಕೇಳಿದ. ಫೋಟೋ ಸುಗುಣಾ ಅವರದ್ದು, ಕಂಪನಿಯ ದೂರು ತಪ್ಪಾಗಿ ಹೋದದ್ದು, ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ. ನಾನು ಹೇಳಿದೆ, ಅವನು ಬರೆದ. ಪ್ರದರ್ಶನದವರಿಗೂ ಜಾಹೀರಾತಿನವರಿಗೂ ಅಲ್ಲೇ ಕಳಿಸಿದ. ವಕೀಲರಿಗೆ ಏನು ಹೇಳಿದನೋ ಅದು ಅವನ ಪಾಡು.

ಅವತ್ತು ಯಾರೂ ಕಾಫಿ ಕುಡಿಯಲಿಲ್ಲ. ರುಕ್ಮಿಣಿಯಮ್ಮ ಕುಡಿಯಿರಿ ಎಂದು ಹೇಳಲೂ ಇಲ್ಲ. ಆ ಮನೆಯಲ್ಲಿ ಹಾಗಾದದ್ದನ್ನು ನಾನು ಕಂಡದ್ದೇ ಮೊದಲ ಸಲ. ಸುಗುಣಾ ಕಾಲಿಗೆ ನಮಸ್ಕಾರ ಮಾಡಿದಳು. ಅವರು ತಲೆಯ ಮೇಲೆ ಕೈ ಇಟ್ಟರು. ನಾವು ಹೊರಗೆ ಬಂದೆವು.

ಮೆಟ್ಟಿಲಿಳಿಯುವಾಗ ನಾನು ಹಿಗ್ಗಿಹೋಗಿದ್ದೆ. "ಗೆದ್ದುಬಿಟ್ಟೆ ಕಣೇ!" ಅಂದೆ. ತಿರುಗಿ ನೋಡಿದರೆ ಅವಳು ತಿರುವಿನಲ್ಲಿ ಕೂತುಬಿಟ್ಟಿದ್ದಳು. ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು.

"ಆ ಅಮ್ಮ ಹರಿವಾಣ ಹಿಡಿದು ನಿಂತಿದ್ದರಲ್ಲ ಟೀಚರೇ. ನಾನು ಬೇಡ ಅಂದೆನಲ್ಲ. ಇನ್ನು ಯಾವ ಮುಖ ಇಟ್ಟುಕೊಂಡು ಈ ಮನೆಗೆ ಬರುದು?"

ಪಕ್ಕದಲ್ಲಿ ಕೂತೆ. ಅವಳ ಬೆನ್ನ ಮೇಲೆ ಕೈ ಇಟ್ಟೆ. ಫೋಟೋ ಅವಳದ್ದಾಗಿತ್ತು, ಅವಳು ಅದನ್ನು ಆ ಕ್ಷಣದಲ್ಲಿ ಯಾರಿಗಾದರೂ ಕೊಟ್ಟುಬಿಡುತ್ತಿದ್ದಳೋ ಏನೋ.

ಮೇಲೆ ಬಾಗಿಲು ತೆರೆದ ಸದ್ದಾಯಿತು. ರುಕ್ಮಿಣಿಯಮ್ಮ ಮೆಟ್ಟಿಲಿನ ಕಂಬಿ ಹಿಡಿದು ಬಗ್ಗಿ ನೋಡುತ್ತಿದ್ದರು. ಅವರ ಕಣ್ಣಿಗೆ ನಾವು ಕಾಣುತ್ತಿದ್ದೆವೋ ಇಲ್ಲವೋ, ಆದರೆ ಅಲ್ಲೇ ಇದ್ದೇವೆಂದು ಗೊತ್ತಿತ್ತು.

"ಸುಗುಣಾ," ಎಂದು ಕೂಗಿದರು, "ನವರಾತ್ರಿಗೆ ಬರ್ಬೇಕು. ಅವತ್ತಿನ ತಾಂಬೂಲ ಬೇರೆ."

ಸುಗುಣಾ ಮೂಗು ಒರೆಸಿಕೊಂಡು ಎದ್ದು ನಿಂತಳು. "ಬರ್ತೇನೆ ಅಮ್ಮ," ಅಂದಳು. ಮುದುಕಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು.